ಹೆಬ್ಬೆಟ್ಟಿಲ್ಲದ ಸೂಜಿ

"ಗಂಡನ ಹೆಬ್ಬೆಟ್ಟು ಬೀಳ್ದೆ ಮಕ್ಕಳಾಗದ ಸೂಜಿ ಚುಚ್ಚಿದ್ರೆ ಈ ಗೋಡೆ ಯಂತ್ರ ಬಡ್ಕಂತೈತೆ! ಎಷ್ಟು ಸಲ ಬೊಗಳ್ಲಿ ನಿಂಗೆ?" ನರ್ಸ್ ಓಬಮ್ಮ ರೇಗಿದಳು.

ಕರಾವಳಿ ಮುಳುಗಿದ ಮೇಲೆ ಚಿತ್ರದುರ್ಗ ಬೇರೆ ದೇಶವಾಗಿತ್ತು. ಮೀನು ಮಾರುತ್ತಿದ್ದ ಗುಲಾಬಿ ಅಲ್ಲಿ ನಿರಾಶ್ರಿತೆ. ಇನ್ನೊಂದು ಹೆರಿಗೆಯಾದರೆ ಅವಳು ಉಳಿಯುವುದಿಲ್ಲವೆಂದು ಓಬಮ್ಮನೇ ಹೇಳಿದ್ದಳು. ಸಮುದ್ರಕ್ಕೆ ಹೋದ ಗಂಡ ನಾಳೆ ಬರುವವನಿದ್ದ; ಹೆಬ್ಬೆಟ್ಟು ಒತ್ತುವವನಲ್ಲ.

"ಮೀನು ಬುಟ್ಟಿಗೆ ಬಿದ್ಮೇಲೆ ನಮ್ಮಲ್ಲಿ ಗಂಡ್ಸ್ರು ಬಾಯಿ ಹಾಕೂದಿಲ್ಲೆ, ಅಕ್ಕಾ. ಬುಟ್ಟಿ ನಂದಾರೆ, ಹೊಟ್ಟಿ ಯಾರದ್ದ್?" ಗುಲಾಬಿ ಕದಲಲಿಲ್ಲ.

ಓಬಮ್ಮ ಯಂತ್ರವನ್ನು ದುರುಗುಟ್ಟಿ ನೋಡಿದಳು. ಅದಕ್ಕೆ ಕಾಣುವುದು ಈ ಕೋಣೆಯಷ್ಟೇ. ಸೂಜಿಗಳ ಡಬ್ಬಿಯನ್ನು ಕಂಕುಳಿಗೆ ಇರುಕಿಕೊಂಡಳು.

"ನಡಿಯೇ ನಿನ್ನ ಗುಡಾರಕ್ಕೆ. ಸೂಜಿ ಬೇಕಂದ ಉಳಿದ ಹೆಂಗಸ್ರನ್ನೂ ಕರಿ."

ಯಂತ್ರ ಸಂಜೆಯವರೆಗೆ ಓಬಮ್ಮನ ಹೆಸರು ಕೂಗಿತು. ಅವಳು ತಿರುಗಿ ಬರಲಿಲ್ಲ.