ಬಾಕಿ ಉಳಿದ ಒಂದು ರಜೆ

ಮಿಲ್ಲು ಮುಚ್ಚಿದ ಮೇಲೆ, ಕೆಲಸ ಕಳೆದುಕೊಂಡವರೆಲ್ಲ ಬಳಸದೆ ಉಳಿದ ರಜೆ ಪಡೆಯಲು ಆಫೀಸಿನಲ್ಲಿ ಸಾಲು ನಿಂತಿದ್ದರು. ರಜೆಗೆ ಈಗ ದುಡ್ಡು ಕೊಡುವುದಿಲ್ಲ, ದಿನವನ್ನೇ ಹಿಂದಿರುಗಿಸುತ್ತಾರೆ. ಹಿಂದಿನ ಯಾವುದಾದರೂ ತಾರೀಖು ಬರೆದುಕೊಟ್ಟರೆ ಸಾಕು, ಆವತ್ತು ನೀವು ಕೆಲಸಕ್ಕೆ ಬಂದೇ ಇರಲಿಲ್ಲ ಎಂದಾಗುತ್ತದೆ.

ಬಕ್ಕೇಶಪ್ಪನಿಗೆ ಉಳಿದದ್ದು ಒಂದೇ ದಿನ.

"ಒಂದಿನ ತಗಂಡು ಏನ್ ಮಾಡ್ತೀಯಣ್ಣ? ಮನ್ಯಾಗೆ ಕುಂತು ಮಂಡಕ್ಕಿ ಮಿರ್ಚಿ ತಿಂತೀಯಾ?" ಹಿಂದೆ ನಿಂತಿದ್ದ ಹಾಲೇಶಿ ನಕ್ಕ. ಹದಿನೆಂಟು ವರ್ಷ ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡು ಉಂಡವರು.

ಬಕ್ಕೇಶಪ್ಪ ಬಲಗೈ ಎತ್ತಿ ತೋರಿಸಿದ. ಅದರಲ್ಲಿ ಎರಡೇ ಬೆರಳಿದ್ದವು. "ಮಿಷನ್ನು ಉಳಿದ ಮೂರನ್ನ ತಿಂದ ದಿನ ಬರಿತೀನಿ. ಇಂಥ ಕೈ ನೋಡಿದ್ರೆ ಹೊಸ ಮಿಲ್ಲಿನೋರು ಗೇಟಿನಾಗೇ ವಾಪಸ್ ಕಳಸ್ತಾರೆ."

"ಬರಿಯಣ್ಣ, ಮೊದ್ಲು ಅದನ್ನ ಬರಿ!" ಹಾಲೇಶಿ ಅವನ ಬೆನ್ನು ತಟ್ಟಿದ.

ಗುಮಾಸ್ತೆ ನೀಲಾಂಬಿಕೆ ಹಳೆಯ ಹಾಜರಿ ಪುಸ್ತಕ ತೆರೆದಳು. "ನೀವು ಬರಲಿಲ್ಲ ಅಂದ್ರೆ ಆ ಮಿಷನ್ನಿಗೆ ಬದಲಿ ಆಳು ನಿಂತಿರ್ಬೇಕಲ್ರೀ. ಆ ವರ್ಷ ಬದಲಿಗೆ ಇದ್ದೋನು ಹಾಲೇಶಿ ಒಬ್ನೇ."

ಹಾಲೇಶಿಯ ನಗು ನಿಂತಿತು. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡ.

"ಆವತ್ತು ನೀನೂ ಒಂದು ರಜೆ ಹಾಕ್ಬಿಡೋ," ಎಂದ ಬಕ್ಕೇಶಪ್ಪ, ತಿರುಗಿ ನೋಡದೆ.

"ಆವಾಗ ನಾ ಬದಲಿ ಆಳು. ಆ ದಿನಕ್ಕೆ ನಂಗೆಲ್ಲಿ ರಜೆ ಐತಣ್ಣ?"

ಬಕ್ಕೇಶಪ್ಪ ಎಡಗೈಯಲ್ಲಿ ಪೆನ್ನು ಹಿಡಿದು, ನಿಧಾನವಾಗಿ, ಗುಂಡಗೆ, ಅದೇ ತಾರೀಖು ಬರೆಯತೊಡಗಿದ.