ದುಂಡವ್ವನ ಕೌದಿ

ರೋಗಿ ಹೊಲಿದ ಕೌದಿ ಹೊದ್ದು ಮಲಗದೆ ಯಾವ ಅಧಿಕಾರಿಯೂ ಆಸ್ಪತ್ರೆಯ ಕಡತಕ್ಕೆ ಸಹಿ ಹಾಕುವಂತಿರಲಿಲ್ಲ. ಹೊದ್ದವರಿಗೆ ಹೊಲಿದವರ ಕಾಯಿಲೆ ಬರುತ್ತಿತ್ತು, ತೆಗೆದರೆ ಹೋಗುತ್ತಿತ್ತು. ಅದಕ್ಕೆಂದೇ ಪ್ರತಿ ಕಚೇರಿಯಲ್ಲೂ ಒಂದು ಮಂಚ ಇರುತ್ತಿತ್ತು.

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಯಂತ್ರವನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸುತ್ತಾರೆಂದು ಕೇಳಿದ ದಿನವೇ ದುಂಡವ್ವ ಸೂಜಿ ಹಿಡಿದಿದ್ದಳು. ಇವತ್ತು ಕೌದಿಯನ್ನು ಹೆಗಲ ಮೇಲೆ ಹೊತ್ತು ಆ ಕಡತಕ್ಕೆ ಸಹಿ ಹಾಕಬೇಕಿದ್ದ ಸಾಹೇಬರ ಕೋಣೆಗೆ ನುಗ್ಗಿದಳು.

ಗುಮಾಸ್ತ ಅಡಿವೆಪ್ಪ ಕೌದಿಯ ಉದ್ದ ನೋಡಿ ಗಾಬರಿಯಾದ. “ಯಕ್ಕಾ, ಸಾಹೇಬ್ರಿಗೆ ಹನ್ನೊಂದಕ್ಕ ಮೀಟಿಂಗ್ ಐತಿ. ಒಂದೀಟು ಕತ್ತರಿಸಿ ಕೊಡು.”

“ನನ್ನ ಕಿಡ್ನಿ ನಿಮ್ಮ ಮೀಟಿಂಗ್ ನೋಡ್ಕೊಂಡು ಕೆಟ್ಟಿಲ್ಲೋ ತಮ್ಮಾ. ಅತ್ತಾಗ ಸರಿ.”

ಸಾಹೇಬರು ಮಲಗಿದರು. ದುಂಡವ್ವ ಕೊರಳತನಕ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಅವರ ತುಟಿ ಒಣಗಿತು, ಕಾಲು ಬಾತವು, ಉಸಿರು ಕಟ್ಟಿತು. ಕೌದಿ ಕಿತ್ತೊಗೆದು ಎದ್ದು ಕುಳಿತರು.

“ಸಾಕವ್ವ, ತಿಳೀತು. ಭಾಳ ತ್ರಾಸ ಐತಿ. ಆದ್ರ ಜಿಲ್ಲಾ ಆಸ್ಪತ್ರ್ಯಾಗ ಇದಕ್ಕಿಂತ ಚಲೋ ನೋಡ್ತಾರ,” ಎನ್ನುತ್ತ ಪೆನ್ನು ತೆಗೆದರು.

ದುಂಡವ್ವ ಕಡತದ ಮೇಲೆ ಅಂಗೈ ಊರಿದಳು.

“ಏನು ತಿಳೀತ್ರಿ? ನೀವು ಇನ್ನೂ ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಅದೀರಿ. ಅಲ್ಲಿಗೆ ಎಪ್ಪತ್ತು ಕಿಲೋಮೀಟರ್, ವಾರಕ್ಕ ಮೂರು ಸಲ. ಹೋಗೋದೂ ಹೊಲ್ದೀನಿ, ಹೊಳ್ಳಿ ಬರೋದೂ ಹೊಲ್ದೀನಿ. ಮಲ್ಕೋರಿ.”

ಸಾಹೇಬರು ಅವಳ ಮುಖ ನೋಡಿದರು. ಪೆನ್ನು ಕೆಳಗಿಟ್ಟು ಮತ್ತೆ ಕೌದಿ ಹೊದ್ದು ಮಲಗಿದರು.

ಸ್ವಲ್ಪ ಹೊತ್ತಿಗೆ ಕೌದಿಯೊಳಗಿಂದ ಕ್ಷೀಣ ದನಿ ಬಂತು: “ಯಾರಾರ ಸೀಟು ಬಿಡ್ರೆಪ್ಪಾ…”

ದುಂಡವ್ವ ಕಡತವನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಜಿಲ್ಲಾ ಆಸ್ಪತ್ರೆ ಮುಟ್ಟೋಕೇ ಇನ್ನೂ ಅರವತ್ತು ಕಿಲೋಮೀಟರ್ ಇತ್ತು.