ಮೈನಸ್ ಎಂಟು

ಅಮ್ಮಿಯ ಕನ್ನಡಕವನ್ನು ನಿದಾ ಬೇಕೆಂದೇ ತುಳಿದಳು. ಫ್ರೇಮು ಮುರಿಯಿತು, ಗಾಜು ಉಳಿಯಿತು. ಹಿಮ್ಮಡಿ ಊರಿ ಅದನ್ನೂ ಮುಗಿಸಿದಳು.

ಬಾಂಗ್ಸಾರ್‌ನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಊರಿಗೆಲ್ಲ ದೃಷ್ಟಿ ಕೊಡುವವಳು ಹೆತ್ತವಳ ದೃಷ್ಟಿ ಕಿತ್ತುಕೊಂಡಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಅದು 2021ರ ಜೂನ್, ಕೋವಿಡ್ ಲಾಕ್‌ಡೌನಿನ ಕಾಲ. ಆಸ್ಪತ್ರೆಯಲ್ಲಿ ಅಬ್ಬಾ ತೀರಿಕೊಂಡು ಮೂರು ಗಂಟೆಯಾಗಿತ್ತು. ಸಾಲೆಹಾ ಅಮ್ಮಿಯ ಹೃದಯಕ್ಕೆ ಎರಡು ಸ್ಟೆಂಟು. ಸುದ್ದಿ ಕೇಳಿದರೆ ಅವಳೂ ಉಳಿಯುವುದಿಲ್ಲ ಎಂಬ ಭಯ ನಿದಾಳನ್ನು ತಿನ್ನುತ್ತಿತ್ತು.

"ಅಬ್ಬಾ ಪಾರಾದ್ರು," ಎಂದಳು. "ಗಂಟಲಿಗೆ ನಳಿಗಿ ಹಾಕಿದ್ದಕ್ಕ ಮಾತು ಬರೂದಿಲ್ಲ. ನಿನಗ ಸೋಂಕು ತಾಗಬಾರದಂತ ಕಂಪನಿ ಫ್ಲಾಟಿನ್ಯಾಗ ಇರ್ತಾರ. ಶುಕ್ರವಾರ ಗೇಟಿಗೆ ಬಂದು ಕೈ ಮಾಡ್ತಾರ."

ಅಮ್ಮಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಮೈನಸ್ ಎಂಟು ನಂಬರಿನವರಿಗೆ ಗೇಣಿನೊಳಗಿನದು ಮಾತ್ರ ಸ್ಪಷ್ಟ. "ಆತು," ಎಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಬ್ಬಾನ ಗೆಳೆಯ ರಾಮದಾಸ ಅವರಷ್ಟೇ ಎತ್ತರ. "ಹೋದವರ ಅಂಗಿ ಹಾಕ್ಕೊಂಡು ಬರೋಕೆ ಭಯ ಆಗುತ್ತಮ್ಮ," ಎಂದ. ಆದರೂ ಬಂದ. ಬೂದು ಜುಬ್ಬಾ, ಬಿಳಿ ಟೋಪಿ, ಮಾಸ್ಕು. ಮಾಂಟ್ ಕಿಯಾರಾದ ತಮ್ಮ ಒಂಬತ್ತನೆಯ ಮಹಡಿಯ ಬಾಲ್ಕನಿಯಿಂದ ನೋಡುವಾಗ, ಎಲ್ಲ ಗೊತ್ತಿದ್ದೂ ನಿದಾಳ ಮೈ ಜುಮ್ಮೆನ್ನುತ್ತಿತ್ತು. ಅಮ್ಮಿ ಕೈ ಎತ್ತುತ್ತಿದ್ದಳು.

ಒಂದು ಶುಕ್ರವಾರ ರಾಮದಾಸನಿಗೆ ಜ್ವರ. ಗೇಟಿನ ಬಳಿ ನರಪಿಳ್ಳೆ ಇರಲಿಲ್ಲ. ಅಮ್ಮಿ ಅಂದೂ ಕೈ ಎತ್ತಿದಳು.

"ಯಾರಿಗ ಕೈ ಮಾಡಿದಿ, ಅಮ್ಮಿ?"

"ಬಂದಾರಲ್ಲ."

ಆಮೇಲೆ ಎಷ್ಟೋ ದಿನ ನಿದಾ ಒಬ್ಬಳೇ ಬಾಲ್ಕನಿಗೆ ಕಾಲಿಡಲಿಲ್ಲ.

ಲಾಕ್‌ಡೌನ್ ಮುಗಿದು ಅಂಗಡಿಗಳು ತೆರೆದವು. ಅಮ್ಮಿ ಕೇಳುವ ಮೊದಲೇ ನಿದಾ ತಾನೇ ಶುರು ಮಾಡಿದಳು. "ನಿನ್ನ ಕಣ್ಣುಗುಡ್ಡಿ ಉದ್ದ ಅದ. ದೂರದ ಬೆಳಕು ಹಿಂದಿನ ಪರದಿ ಮುಟ್ಟೂದ್ರಾಗ ನಡುವನ ಕೂಡಿಬಿಡ್ತದ. ಇಷ್ಟು ನಂಬರಿಗೆ ಗಾಜು ತರಸಬೇಕು, ತಿಂಗಳುಗಟ್ಟಲೆ ಹಿಡೀತದ. ಕಾಂಟ್ಯಾಕ್ಟ್ ಲೆನ್ಸ್ ಅಂದ್ರ ದಿನಾ ಕಣ್ಣಿಗೆ ಕೈ ಹಾಕಬೇಕು, ಈ ಕೋವಿಡ್‌ನಾಗ ಬ್ಯಾಡ. ಲೇಸರ್ ನಿನ್ನ ವಯಸ್ಸಿಗೆ ಆಗೂದಿಲ್ಲ." ಒಂದು ಕನ್ನಡಕ ಮಾಡಿಸಲು ಅವಳ ಅಂಗಡಿಯಲ್ಲಿ ಒಂದು ವಾರ ಸಾಕಿತ್ತು.

"ನನಗೇನ ಅವಸರಿಲ್ಲ," ಎಂದಳು ಅಮ್ಮಿ.

ಅವಳಿಗೆ ಯಾವುದಕ್ಕೂ ಅವಸರವಿರಲಿಲ್ಲ. ಕೆಳಗಿನ ತೋಟಕ್ಕೆ ಕರೆದರೂ ಒಲ್ಲೆ ಎಂದಳು. ಅತ್ತರಿನ ಸೀಸೆ ಮುಟ್ಟಲಿಲ್ಲ. ಹಳೆಯ ಎರಡು ಮಾಸಲು ಸೀರೆಗಳನ್ನೇ ಒಗೆದು ಉಟ್ಟಳು. ಕಣ್ಣು ಕಾಣದೆ ಅಮ್ಮಿ ಸೊರಗಿಹೋದಳು ಎಂದೇ ನಿದಾ ತಿಳಿದಳು. ತಪ್ಪು ತನ್ನದೇ. ಆದರೂ ಬಾಯಿ ಬಿಡಲಿಲ್ಲ. ಜೀವ ಉಳಿದರೆ ಸಾಕು, ಕಣ್ಣು ಆಮೇಲೆ ನೋಡೋಣ ಎಂದುಕೊಂಡಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಅಮ್ಮಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಮೈಮೇಲೆ ಹಸಿರು ಸೀರೆ.

"ನಡಿ, ಚಸ್ಮಾ ಮಾಡಿಸೂಣು."

"ಗಾಜು ಇನ್ನೂ ಬಂದಿಲ್ಲ, ಅಮ್ಮಿ. ಮುಂದಿನ ತಿಂಗಳು..."

"ರಾಮದಾಸಗ ಇನ್ನ ಬರೂದು ಬ್ಯಾಡ ಅನ್ನು. ಪಾಪ, ಭಾಳ ತ್ರಾಸ ತಗೊಂಡಾನ. ಮಾರಿ ಕಾಣದವರು ನಡಿಗಿ ನೋಡಿ ಗುರ್ತ ಹಿಡೀತಾರ, ಅಷ್ಟೂ ಗೊತ್ತಿಲ್ಲೇನ ನಿನಗ?"

"ಯಾವಾಗಿಂದ ಗೊತ್ತು?"

ಅಮ್ಮಿ ಮಗಳ ಕೈ ಹಿಡಿದಳು. "ನನ್ನ ಇದ್ದತ್ ನಿನ್ನೆ ಮುಗೀತು, ಪೂರಾ ನಾಲ್ಕು ತಿಂಗಳು ಹತ್ತು ದಿನ. ಗಂಡ ಸತ್ತಾಕಿ ಇನ್ನ ಹೊಸ್ತಿಲ ದಾಟಬಹುದು. ನೀನೂ ಇನ್ನ ಅಳು."